ಸ್ಟಾಪಿನಲ್ಲಿ ಯಾರೂ ಇರಲಿಲ್ಲ

ಜೂನ್ ೩, ಸೋಮವಾರ

ಇವತ್ತಿನಿಂದ ನನಗೆ ಸ್ವಂತ ರೂಟು. ಕೊನೆಯ ಬಡಾವಣೆಯಿಂದ ಹೊರಟು ಕಾರ್ಖಾನೆಗಳ ಸಾಲು, ಆಸ್ಪತ್ರೆ, ಆಮೇಲೆ ದೊಡ್ಡ ನಿಲ್ದಾಣ. ಹೆಗಲಿಗೆ ಚರ್ಮದ ಚೀಲ, ಕೈಯಲ್ಲಿ ಟಿಕೆಟ್ ಮೆಷಿನ್, ತಲೆಯ ಮೇಲೆ ಬೆಲ್ಲಿನ ಹಗ್ಗ. ಒಂದು ಸಲ ಎಳೆದರೆ ಬಸ್ಸು ನಿಲ್ಲಬೇಕು, ಎರಡು ಸಲ ಎಳೆದರೆ ಹೊರಡಬೇಕು. ಇಷ್ಟು ದೊಡ್ಡ ಗಾಡಿ ನನ್ನ ಬೆರಳಿನ ಮಾತು ಕೇಳುತ್ತದೆ. ಬಿಟ್ಟು ಬಂದ ಗಂಡನ ಮನೆಯಲ್ಲಿ ನನ್ನ ಮಾತಿಗೆ ಒಂದು ಲೋಟವೂ ಅಲುಗಾಡಿದ್ದಿಲ್ಲ.

ಈ ಬಸ್ಸಿನಲ್ಲಿ ಹೆಂಗಸರು ದುಡ್ಡು ಕೊಡಬೇಕಿಲ್ಲ. ಇದನ್ನು ಯಾರೂ ಕನಿಕರಪಟ್ಟು ಕೊಟ್ಟದ್ದಲ್ಲ, ಬೀದಿಯಲ್ಲಿ ಕೂಗಿ ಕಿತ್ತುಕೊಂಡದ್ದು. ಆ ಮೆರವಣಿಗೆಗಳಲ್ಲಿ ನಾನೂ ಇದ್ದೆ. ಗಂಟಲು ಕಟ್ಟಿ ವಾರಗಟ್ಟಲೆ ಕೈಸನ್ನೆಯಲ್ಲೇ ಬದುಕಿದ್ದೆ. 'ಕಂಡಕ್ಟರ್ ಕೆಲಸದಲ್ಲೂ ನಮಗೆ ಪಾಲು' ಎಂದು ಬರೆದ ಬಟ್ಟೆಯ ಒಂದು ತುದಿ ಹಿಡಿದವಳು ನಾನು. ಅಂದು ಕೈಯಲ್ಲಿ ಹಿಡಿದ ಬಟ್ಟೆ ಇಂದು ಯೂನಿಫಾರಂ ಆಗಿ ಮೈಮೇಲೆ ಬಂದಿದೆ.

ಡ್ರೈವರನ್ನು ಡಿಪೋದಲ್ಲಿ ಎಲ್ಲರೂ ಕೊಕ್ಕರೆ ಅನ್ನುತ್ತಾರೆ. ಕನ್ನಡಿಯೊಳಗೆ ಇಣುಕುವಾಗ ಅವನ ಕತ್ತು ಅಷ್ಟುದ್ದ ಬರುತ್ತದೆ. ಮೊದಲ ಟ್ರಿಪ್ಪಿನಲ್ಲೇ ಕೇಳಿದ, "ಜನ ಎಷ್ಟು, ಸೊನ್ನೆ ಎಷ್ಟು?" ನಮ್ಮ ಟಿಕೆಟ್ಟಿನ ಮೇಲೆ ದುಡ್ಡಿನ ಜಾಗದಲ್ಲಿ ಸೊನ್ನೆ ಬೀಳುತ್ತದೆ, ಅದಕ್ಕೆ ನಾವೆಲ್ಲ ಸೊನ್ನೆಗಳು. ಹೆತ್ತವಳೂ ಸೊನ್ನೆಯೇನ್ರೀ ಎಂದು ಎಲ್ಲರೆದುರೇ ಕೇಳಿದೆ. ಬಸ್ಸೆಲ್ಲ ನಕ್ಕಿತು. ಅವನು ಗೇರು ಬದಲಿಸಿದ, ಮಾತು ಬದಲಿಸಲಿಲ್ಲ.

"ಸೊನ್ನೆಗೆ ಎಷ್ಟು ಸೊನ್ನೆ ಸೇರ್ಸಿದ್ರೂ ಸೊನ್ನೆನೇ ಮೇಡಂ. ಸ್ವಲ್ಪ ದಿನ ಹೋಗ್ಲಿ, ನೀವೇ ಹೇಳ್ತೀರಿ."

ಹೇಳುವುದಿಲ್ಲ. ಇಲ್ಲಿ ಬರೆದಿಡುತ್ತಿದ್ದೇನೆ.

ಬೆಳಗಿನ ಟ್ರಿಪ್ಪಿಗೆ ತಂಗಿ ಹತ್ತಿದಳು. ಕಾರ್ಖಾನೆ ಸಾಲಿನಲ್ಲಿ ಸರ್ಕಾರ ಹೆಂಗಸರಿಗೆಂದೇ ತೆರೆದ ತರಬೇತಿ ಕೇಂದ್ರದಲ್ಲಿ ಅವಳು ಮೋಟಾರಿಗೆ ತಂತಿ ಸುತ್ತುವ ಕೆಲಸ ಕಲಿಯುತ್ತಿದ್ದಾಳೆ. ಸೆಪ್ಟೆಂಬರ್ ಕೊನೆಗೆ ಮುಗಿಯುತ್ತದೆ. ಮುಗಿಸಿದವರಿಗೆ ಎದುರಿನ ಫ್ಯಾನ್ ಕಾರ್ಖಾನೆಯಲ್ಲಿ ಕೆಲಸ. ಅವಳ ಗಂಡ ಒಪ್ಪಿದ್ದು ಎರಡೇ ಕಾರಣಕ್ಕೆ: ಬಸ್ಸು ಪುಕ್ಕಟೆ, ಬಸ್ಸಿನಲ್ಲಿ ಅಕ್ಕ. ಶರತ್ತು ಒಂದೇ. ಬೀದಿ ದೀಪ ಹತ್ತುವ ಮೊದಲು ಮನೆಯಲ್ಲಿರಬೇಕು. ಒಂದು ದಿನ ತಪ್ಪಿದರೂ ಮಾರನೆಯ ದಿನದಿಂದ ಹೊಸ್ತಿಲು ದಾಟುವ ಹಾಗಿಲ್ಲ. ಸಂಜೆ ನಮ್ಮ ಬಸ್ಸು ತಪ್ಪಿದರೆ ಮುಂದಿನದು ಕತ್ತಲಾದ ಮೇಲೆಯೇ.

"ಅಕ್ಕಾ, ನೀನಿದ್ದೀಯಲ್ಲ," ಅಂದಳು.

ಇದ್ದೇನೆ.

ಜೂನ್ ೯, ಭಾನುವಾರ

ತಂಗಿ ನನ್ನ ಕೋಣೆಗೆ ಬಂದಿದ್ದಳು. ಗುಜರಿಗೆ ಬಿದ್ದಿದ್ದ ಟೇಬಲ್ ಫ್ಯಾನೊಂದನ್ನು ಬಿಚ್ಚಿ, ಸುಟ್ಟ ತಂತಿ ಕಿತ್ತು, ಹೊಸದನ್ನು ತಾನೇ ಸುತ್ತಿ ತಂದಿದ್ದಳು. ಸ್ವಿಚ್ಚು ಒತ್ತಿ ಉಸಿರು ಬಿಗಿಹಿಡಿದು ನಿಂತಳು. ರೆಕ್ಕೆ ಒಂದು ಸಲ ಯೋಚಿಸಿತು, ಆಮೇಲೆ ತಿರುಗಿತು. ಇಬ್ಬರೂ ಅದರ ಮುಂದೆ ಮುಖ ಒಡ್ಡಿಕೊಂಡು ಕೂತೆವು. ಅವಳ ಬೆರಳ ತುದಿಯೆಲ್ಲ ತಾಮ್ರದ ತಂತಿ ಕೊಯ್ದ ಗೀರು, ಮೈಯೆಲ್ಲ ವಾರ್ನಿಶ್ ವಾಸನೆ. ಹತ್ತಿರ ಬಂದರೆ ಗಂಡ ಮೂಗು ಮುಚ್ಚಿಕೊಳ್ಳುತ್ತಾನಂತೆ. ಒಳ್ಳೆಯದೇ ಆಯಿತು ಬಿಡು ಅಂದೆ. ಬಿದ್ದು ಬಿದ್ದು ನಕ್ಕಳು.

ಅಮ್ಮ ಸತ್ತ ಮೇಲೆ ಇವಳ ತಲೆ ಬಾಚಿ ಸ್ಕೂಲಿಗೆ ಕಳಿಸಿದವಳು ನಾನು. ಮದುವೆ ಬೇಡ ಎಂದು ಅತ್ತಾಗ ತಡೆಯಲಾಗಲಿಲ್ಲ. ಈ ಸಲ ಕೈಬಿಡುವುದಿಲ್ಲ.

ಜೂನ್ ೨೦, ಗುರುವಾರ

ಮ್ಯಾನೇಜರ್ ಕರೆದಿದ್ದ. ಡಿಪೋ ಗೋಡೆಯ ಮೇಲೊಂದು ಬೋರ್ಡಿದೆ, ಯಾವ ಬಸ್ಸು ಎಷ್ಟು ನಗದು ತಂದಿತು ಎಂದು ದಿನಾ ಬರೆಯುತ್ತಾರೆ. ನಮ್ಮ ಬಸ್ಸು ತಳದಲ್ಲಿದೆ. ಜನ ತುಂಬಿ ತುಳುಕುತ್ತಿದೆಯಲ್ಲ ಸಾರ್ ಅಂದೆ. ತುಂಬಿರುವುದು ಯಾರು ಅಂತ ನೋಡಿದ್ದೀಯಾ ಅಂದ. ಹೆಂಗಸರ ಟಿಕೆಟ್ಟಿನ ದುಡ್ಡನ್ನು ಸರ್ಕಾರ ತುಂಬಿಕೊಡಬೇಕು ಅಂತ ಕಾನೂನಿನಲ್ಲೇ ಇದೆ ಅಂದೆ.

"ಕಾನೂನಲ್ಲಿದೆ, ಖಾತೆಯಲ್ಲಿಲ್ಲ," ಅಂದ. "ನೀನು ಖಾಯಂ ಆಗೋದು ಸೆಪ್ಟೆಂಬರಲ್ಲಿ. ನೆನಪಿರ್ಲಿ."

ನೋಡಿ, ಎಂಥ ಚಂದದ ಏರ್ಪಾಡು. ವೇದಿಕೆ ಮೇಲೆ ನಿಂತು ಹೆಂಗಸಿಗೆ ಬಸ್ಸು ಬಿಟ್ಟುಕೊಟ್ಟೆವು ಅನ್ನುವುದು, ಕೆಳಗೆ ಡಿಪೋದಲ್ಲಿ ಅವಳನ್ನು ಹತ್ತಿಸಿಕೊಂಡವರ ಕುತ್ತಿಗೆ ಹಿಸುಕುವುದು. ಮೂಗಿಗೆ ತುಪ್ಪ ಸವರಿ ನಾಲಿಗೆ ಕತ್ತರಿಸುವ ಬುದ್ಧಿ.

ಡಿಪೋದಲ್ಲಿ ನಮ್ಮಂಥ ಹೆಂಗಸರನ್ನು ಕೆಲಸಕ್ಕೆ ತಗೊಂಡಿದ್ದಾರೆ, ನಮಗೊಂದು ಕಕ್ಕಸು ಕಟ್ಟಿಲ್ಲ. ಆಫೀಸರುಗಳದ್ದೊಂದಿದೆ, ಬೀಗ ಹಾಕಿರುತ್ತದೆ, ಕೀಲಿ ಟೈಪಿಸ್ಟ್ ಹತ್ತಿರ. ಅವಳೂ ಹೆಂಗಸೇ. ಕೇಳಿದರೆ, "ಎಲ್ರಿಗೂ ಕೊಟ್ರೆ ಗಲೀಜು ಮಾಡ್ತಾರೆ" ಅಂದಳು. ಬೆಳಗ್ಗೆಯಿಂದ ನೀರು ಕುಡಿಯದೆ ದುಡಿಯುವವರಿಗೆ ಹೇಳುವ ಮಾತೇ ಇದು? ಕೊಡಲಿ ಕಾವು ಕುಲಕ್ಕೆ ಸಾವು ಅನ್ನುವುದು ಇಂಥವರನ್ನು ನೋಡಿಯೇ.

ಜೂನ್ ೨೮, ಶುಕ್ರವಾರ

ಕೊಕ್ಕರೆಯ ವಿದ್ಯೆ ಇವತ್ತು ಪೂರ್ತಿ ಅರ್ಥವಾಯಿತು. ಸ್ಟಾಪಿನಲ್ಲಿ ಬರೀ ಹೆಂಗಸರಿದ್ದರೆ ನಿಲ್ಲಿಸುವುದೇ ಇಲ್ಲ. ಗಂಡಸರೂ ಹೆಂಗಸರೂ ಇದ್ದರೆ ಸ್ಟಾಪು ದಾಟಿಸಿ ದೂರ ತಗೊಂಡು ಹೋಗಿ ನಿಲ್ಲಿಸುತ್ತಾನೆ. ಗಂಡಸರು ಓಡಿ ಬಂದು ಹತ್ತುತ್ತಾರೆ. ಹೆಂಗಸರು ಚೀಲ, ಮಗು, ಸೀರೆ ಎಲ್ಲ ಸಂಭಾಳಿಸಿಕೊಂಡು ಬರುವಷ್ಟರಲ್ಲಿ ಡಬಲ್ ಬೆಲ್. ಆ ಡಬಲ್ ಬೆಲ್ಲನ್ನು ಕೊಡಬೇಕಾದವಳು ನಾನು.

ಕೊಡಲಿಲ್ಲ. ಹಗ್ಗ ಬಿಟ್ಟು ಕೆಳಗಿಳಿದು ನಿಂತೆ. ಸೊಪ್ಪು ಮಾರುವ ಅಜ್ಜಿ ತಲೆಯ ಮೇಲಿನ ಬುಟ್ಟಿ ಸಮೇತ ನಡೆದು ಬರುತ್ತಿದ್ದಳು. ಅವಳು ಬಸ್ಸು ಮುಟ್ಟಿದ ಮೇಲೆಯೇ ನಾನು ಹತ್ತಿದೆ. ಕೊಕ್ಕರೆ ಹಾರನ್ ಹೊಡೆದು ಹೊಡೆದು ಸುಸ್ತಾದ. ಅಜ್ಜಿ ನನ್ನ ಗಲ್ಲ ಮುಟ್ಟಿ, "ಇಷ್ಟು ವರ್ಷ ಬಸ್ಸಲ್ಲಿ ಓಡಾಡಿದೀನಿ, ಬಸ್ಸು ನನಗೋಸ್ಕರ ನಿಂತಿದ್ದು ಇವತ್ತೇ ಕಣಮ್ಮ," ಅಂದಳು.

ಊಟ ಮಾಡದಿದ್ದರೂ ಹೊಟ್ಟೆ ತುಂಬಿದೆ.

ಜುಲೈ ೧೦, ಬುಧವಾರ

ನನ್ನ ಜೊತೆಯಲ್ಲೇ ಕೆಲಸಕ್ಕೆ ಸೇರಿದ ಕನ್ನಡಕದವಳನ್ನು ನಸುಕಿನ ಡ್ಯೂಟಿಗೆ ಹಾಕಿದ್ದಾರೆ. ಎಳೆಮಗುವಿನ ತಾಯಿ. ತಪ್ಪು ಏನೆಂದರೆ, ಅವಳ ಡ್ರೈವರ್ ನಿಲ್ಲಿಸದೆ ಹೋದ ಸ್ಟಾಪುಗಳನ್ನೆಲ್ಲ ದಿನದ ವರದಿಯಲ್ಲಿ ಬರೆದಳು. ಮ್ಯಾನೇಜರ್ ನನ್ನನ್ನು ಕರೆದು ಏನನ್ನೂ ಹೇಳಲಿಲ್ಲ. ಅವಳ ಡ್ಯೂಟಿ ಬದಲಾದ ಸುದ್ದಿಯನ್ನಷ್ಟೇ ಹೇಳಿ, ಟೀ ಕುಡಿ ಅಂದ. ಕುಡಿದೆ. ಅಲ್ಲಿ ಕುಡಿದ ನೀರು, ಟೀ ಎಲ್ಲ ಸಂಜೆವರೆಗೂ ಹೊತ್ತುಕೊಂಡು ತಿರುಗಬೇಕು ಅನ್ನುವುದು ಆ ಮನುಷ್ಯನಿಗೆ ಹೇಗೆ ತಿಳಿಯಬೇಕು.

ಕನ್ನಡಕದವಳದ್ದೂ ಒಂದಿಷ್ಟು ತಪ್ಪಿದೆ. ಬರೆಯುವ ಮೊದಲು ಮಾತಾಡಿ ನೋಡಬೇಕಿತ್ತು. ಎಲ್ಲವನ್ನೂ ಕಾಗದದ ಮೇಲೆ ಹಾಕಿದರೆ ಅವರಾದರೂ ಏನು ಮಾಡಿಯಾರು.

ಜುಲೈ ೧೯, ಶುಕ್ರವಾರ

ಬೆಳಗ್ಗೆ ಬಸ್ಸು ಕಾಲಿಡಲು ಜಾಗವಿಲ್ಲದಂತೆ ತುಂಬಿತ್ತು. ಆಸ್ಪತ್ರೆ ಹಿಂದಿನ ಸ್ಟಾಪಿನಲ್ಲಿ ಆಯಾಗಳ ಗುಂಪಿತ್ತು. ನಿಲ್ಲಿಸಿದ್ದರೆ ಯಾರಾದರೂ ಬಾಗಿಲಲ್ಲಿ ಜೋತುಬಿದ್ದು ಕೈಕಾಲು ಮುರಿದುಕೊಳ್ಳುತ್ತಿದ್ದರು. ಅದಕ್ಕೇ ಡಬಲ್ ಬೆಲ್ ಕೊಟ್ಟೆ. ಅವರ ಒಳ್ಳೆಯದಕ್ಕೇ.

ಮುಂದಿನ ಸ್ಟಾಪಿನಲ್ಲಿ ನಾಲ್ಕು ಗಂಡಸರು ಹತ್ತಿದರು. ಅಷ್ಟು ಹೊತ್ತಿಗೆ ಒಂದಿಬ್ಬರು ಇಳಿದಿದ್ದರು ಅನ್ನಿ.

ಕೊಕ್ಕರೆ ಡಿಪೋದಲ್ಲಿ ಎಲ್ಲರಿಗೂ ಕೇಳುವ ಹಾಗೆ, "ಮೇಡಂಗೆ ಈಗ ಕೈ ಪಳಗ್ತು" ಅಂದ. ನಾನು ಚೀಲ ಬಿಚ್ಚಿ ನಗದು ಎಣಿಸತೊಡಗಿದೆ. ಎಲ್ಲದಕ್ಕೂ ಬಾಯಿ ಕೊಡುತ್ತಾ ಕೂತರೆ ಆಗುತ್ತದೆಯೇ.

ಜುಲೈ ೨೮, ಭಾನುವಾರ

ತಂಗಿ ಬಂದಿದ್ದಳು. ನಗು ತಡೆಯಲಾರದೆ ಹೇಳಿದ ಗುಟ್ಟು: ತರಬೇತಿ ಕೇಂದ್ರದ ಸ್ಟಾಪಿನಲ್ಲಿ ಸಂಜೆ ಬಸ್ಸು ನಿಲ್ಲುವುದು ಅನುಮಾನವಾದ್ದರಿಂದ ಅವರೆಲ್ಲ ಸೇರಿ ಒಂದು ಉಪಾಯ ಮಾಡಿದ್ದಾರೆ. ಕೇಂದ್ರದ ವಾಚ್‌ಮನ್ ತಾತನನ್ನು ಕರೆತಂದು ಎಲ್ಲರಿಗಿಂತ ಮುಂದೆ ನಿಲ್ಲಿಸುತ್ತಾರೆ. ತಾತ ಕೈ ಎತ್ತುತ್ತಾನೆ. ಗಂಡಸು ಕಂಡ ಕೂಡಲೇ ಬಸ್ಸು ನಿಲ್ಲುತ್ತದೆ. ಇವರು ಹತ್ತುತ್ತಾರೆ, ತಾತ ಸಲಾಮು ಹೊಡೆದು ಗೇಟಿಗೆ ವಾಪಸ್ಸು. ಇವತ್ತು ಎಲ್ಲಿಗೆ ಹೊರಟಿರಿ ತಾತ ಎಂದು ದಿನಾ ಗೇಲಿ ಮಾಡುತ್ತಾರಂತೆ. ಅವನು, "ನಿಮ್ಮನ್ನೆಲ್ಲ ಕಟ್ಕೊಂಡು ಎಲ್ಲಿಗೆ ಹೋಗ್ಲಿ, ಇದ್ದ ಒಬ್ಬಳೇ ನನ್ನ ಬಿಟ್ಟು ಓಡಿಹೋದ್ಲು" ಅನ್ನುತ್ತಾನಂತೆ.

ಮುದುಕ ಯಾಕೆ ಹತ್ತುವುದಿಲ್ಲ ಎಂದು ನಾನೂ ತಲೆ ಕೆಡಿಸಿಕೊಂಡಿದ್ದೆ. ನಕ್ಕೆ. ಆದರೆ ಒಳಗೆಲ್ಲೋ ಚುಚ್ಚಿತು. ಬಸ್ಸಿನಲ್ಲಿ ಅಕ್ಕ ಇದ್ದೂ ಇವಳು ಮುದುಕನೊಬ್ಬನ ಕೈಯನ್ನು ನಂಬಬೇಕೇ? ನನ್ನನ್ನೇ ಪೆದ್ದಿ ಮಾಡಿದ ಹಾಗಾಯಿತಲ್ಲ.

"ಕೊಕ್ಕರೆಗೆ ಹೇಳಿಬಿಟ್ಟೀಯ ಮತ್ತೆ," ಅಂದಳು ಹೊರಡುವಾಗ.

ಆಗಸ್ಟ್ ೨, ಶುಕ್ರವಾರ

ಟೈಮು ತಪ್ಪಿದ್ದಕ್ಕೆ ಮೆಮೊ ಬಂತು. ಇಬ್ಬರಿಗೂ. ಸಂಜೆ ಟ್ರಿಪ್ಪಿನಲ್ಲಿ ಎಲ್ಲಿ ತಡವಾಗುತ್ತದೆ ಎಂದು ಕೊಕ್ಕರೆ ನನ್ನನ್ನು ಕೇಳಿದ. ಮಾತಿಗೆ ಮಾತು ಬಂದು ಹೇಳಿದೆ: ಆ ಕೇಂದ್ರದ ಸ್ಟಾಪಿನಲ್ಲಿ ಕೈ ಎತ್ತುವವನು ವಾಚ್‌ಮನ್, ಹತ್ತುವವನಲ್ಲ. ಅಷ್ಟೇ ಹೇಳಿದ್ದು. ನಿಲ್ಲಿಸಬೇಡ ಅಂತೇನೂ ನಾನು ಹೇಳಲಿಲ್ಲ.

ಅವನು ಸ್ಟೇರಿಂಗಿನ ಮೇಲೆ ಕೈ ಬಡಿದು ನಕ್ಕ. "ನೀವು ಗಂಡಸು ಬಿಡಿ ಮೇಡಂ." ಇಷ್ಟು ದಿನಕ್ಕೆ ಒಂದು ಒಳ್ಳೆಯ ಮಾತು ಬಂತು ಅವನ ಬಾಯಿಂದ.

ಆಗಸ್ಟ್ ೭

ನಗದಿನ ಬೋರ್ಡಿನಲ್ಲಿ ನಮ್ಮ ಬಸ್ಸಿಗೆ ಮೇಲಿನಿಂದ ಮೂರನೆಯ ಜಾಗ.

ಆಗಸ್ಟ್ ೧೩, ಮಂಗಳವಾರ

ಸಂಜೆ ಮಳೆ. ವೈಪರ್ ಕೆಟ್ಟಿತ್ತು, ಗಾಜೆಲ್ಲ ಮಸುಕು. ಕೇಂದ್ರದ ಸ್ಟಾಪಿನಲ್ಲಿ ಏಳೆಂಟು ಸೊನ್ನೆ ನಿಂತಿದ್ದಿರಬಹುದು. ಮುದುಕ ಕೈ ಎತ್ತಿದ, ಕೊಕ್ಕರೆ ಅವನಿಗೆ ಸಲಾಮು ಹೊಡೆದು ಮುಂದೆ ಹೋದ. ಮುಂದೆ ಮೋರಿಯ ಹತ್ತಿರ ಒಬ್ಬ ಗಂಡಸನ್ನು ಹತ್ತಿಸಿಕೊಳ್ಳಲು ನಿಂತಾಗ ಹಿಂದಿನಿಂದ ಯಾರೋ ಓಡಿ ಬರುತ್ತಿದ್ದರು. ಮಳೆಯಲ್ಲಿ ಯಾರೆಂದು ಗೊತ್ತಾಗುವ ಹಾಗಿರಲಿಲ್ಲ. ನೀಲಿ ಚೀಲ ತಲೆಯ ಮೇಲಿತ್ತು, ಒಂದು ಚಪ್ಪಲಿ ಕೈಯಲ್ಲಿತ್ತು, ಬಲಗಾಲು ಸ್ವಲ್ಪ ಎಳೆದು ಓಡುತ್ತಿದ್ದಳು. ಹಿಂದಿನ ಗಾಜಿನಿಂದ ಇನ್ನೇನು ಕಂಡೀತು. ನಾನು ಚಿಲ್ಲರೆ ಕೊಡುತ್ತಿದ್ದೆ. ಡಬಲ್ ಬೆಲ್ ಕೊಟ್ಟಾಗಿತ್ತು.

ತಂಗಿ ಎಂದಾದರೂ ಹಾಗೆ ಬೀದಿಯಲ್ಲಿ ಬರಿಗಾಲಲ್ಲಿ ಓಡುವವಳೇ? ಚಿಕ್ಕಂದಿನಲ್ಲಿ ಬಿದ್ದು ಬಲಗಾಲು ಮುರಿದಾಗಿನಿಂದ ಅವಳು ಓಡುವುದೇ ಅಪರೂಪ.

ಆಗಸ್ಟ್ ೧೪, ಬುಧವಾರ

ಬೆಳಗಿನ ಬಸ್ಸಿಗೆ ಅವಳು ಬರಲಿಲ್ಲ. ಡ್ಯೂಟಿ ಮುಗಿಸಿ ಬಂದರೆ ನನ್ನ ಕೋಣೆಯ ಮೆಟ್ಟಿಲ ಮೇಲೆ ಕೂತಿದ್ದಳು. ನಿನ್ನೆ ಕತ್ತಲಾದ ಮೇಲೆ ಮನೆ ಸೇರಿದ್ದಕ್ಕೆ ಗಂಡ ಬಾಗಿಲು ತೆಗೆಯದೆ ಬಹಳ ಹೊತ್ತು ಹೊರಗೆ ನಿಲ್ಲಿಸಿದನಂತೆ. ಬಸ್ಸು ನಿಲ್ಲಿಸಲಿಲ್ಲ ಎಂದು ಹೇಳಿದಳಂತೆ, ಅವನು ನಂಬಲಿಲ್ಲವಂತೆ. ಇವಳ ಜೊತೆಯವರು ಇಬ್ಬರು ಬಂದು ಹೌದು ಎಂದು ಹೇಳಿದ ಮೇಲೆ, ಇದೇ ಕೊನೆ ಸಲ ಎಂದು ಬಿಟ್ಟಿದ್ದಾನೆ.

ನಾನು ಕಾಫಿ ಮಾಡಿದೆ. ಅವಳು ಲೋಟ ಮುಟ್ಟಲಿಲ್ಲ.

"ಅಕ್ಕಾ, ನೀನು ನೋಡಿದೆ."

ಇಲ್ಲ ಅಂದೆ. ಮಳೆ, ಗಾಜು, ವೈಪರ್ ಎಲ್ಲ ಹೇಳಿದೆ.

"ನಾನು ಗಾಜಿಗೆ ಕೈ ತಟ್ಟಿದೆ. ನೀನು ತಿರುಗಿದೆ."

ನೂರಾರು ಜನರನ್ನು ಹತ್ತಿಸಿ ಇಳಿಸುವವಳಿಗೆ ಎಷ್ಟು ಮುಖ ನೆನಪಿರುತ್ತದೆ ಎಂದು ಸ್ವಲ್ಪ ಜೋರಾಗಿಯೇ ಕೇಳಿದೆ. ಕ್ಲಾಸಿನಿಂದ ಸ್ವಲ್ಪ ಬೇಗ ಹೊರಟು ಹಿಂದಿನ ಸ್ಟಾಪಿಗೆ ನಡೆದು ಬಂದರೆ ಆಗುವುದಿಲ್ಲವೇ ಅಂದೆ, ಅಲ್ಲಿ ಗಂಡಸರು ಇರುತ್ತಾರೆ, ನಿಲ್ಲಿಸುತ್ತೇವೆ. ಅವಳು ಎದ್ದು, ಫ್ಯಾನಿನ ಹಿಂದೆ ಸಡಿಲವಾಗಿದ್ದ ಮೊಳೆಯೊಂದನ್ನು ಉಗುರಿನಲ್ಲೇ ತಿರುಗಿಸಿ ಬಿಗಿ ಮಾಡಿ ಹೋದಳು.

ಈ ಹೆಂಗಸರಿಗೆ ಪುಕ್ಕಟೆ ಸಿಕ್ಕಿದ್ದರ ಬೆಲೆ ಗೊತ್ತಾಗುವುದಿಲ್ಲ. ತಂಗಿಯನ್ನು ಹೇಳುತ್ತಿಲ್ಲ, ಒಟ್ಟಾರೆ ಹೇಳಿದೆ.

ಆಗಸ್ಟ್ ೨೩, ಶುಕ್ರವಾರ

ಕೇಂದ್ರದವರು ದೂರು ಕೊಟ್ಟಿದ್ದಾರೆ. ಯಾವ ಯಾವ ಸಂಜೆ ಬಸ್ಸು ನಿಲ್ಲಿಸಲಿಲ್ಲ ಎಂದು ತಾರೀಖು ಸಮೇತ. ಕೆಳಗೆ ಎಲ್ಲರ ಸಹಿ. ತಂಗಿಯದು ಮೂರನೆಯದು. ಅಕ್ಕನ ಮೇಲೆ ಹಾಕಿದ ಸಹಿಯಾದರೂ ಅಕ್ಷರ ಗುಂಡಗಿದೆ.

ಮ್ಯಾನೇಜರ್ ಬಾಗಿಲು ಹಾಕಿಕೊಂಡು ಮಾತಾಡಿದ. ದೂರು ನಿಜವೆಂದಾದರೆ ಇಬ್ಬರಿಗೂ ಅಮಾನತು. ಕೊಕ್ಕರೆ ಖಾಯಂ ಆದವನು, ಒಂದು ತಿಂಗಳು ಮನೆಯಲ್ಲಿ ಮಲಗೆದ್ದು ಬರುತ್ತಾನೆ. ನನ್ನದು ಹಾಗಲ್ಲ, ಹೋದರೆ ಹೋಯಿತು.

"ನೀನೇ ಹೆಂಗಸು. ಹೆಂಗಸೇ ಬರೆದುಕೊಟ್ರೆ ಮೇಲಿನವರೂ ನಂಬ್ತಾರೆ, ಪೇಪರಿನವರೂ ನಂಬ್ತಾರೆ," ಅಂದ.

ಅವನೂ ಪಾಪ, ಮೇಲಿನವರಿಗೆ ಉತ್ತರ ಹೇಳಬೇಕು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಬಸ್ಸು ನಿಲ್ಲಿಸಲಿಲ್ಲ ಎಂದು ಬರೆದರೆ ನಮ್ಮ ತಪ್ಪು. ನಿಲ್ಲಿಸಿದೆವು, ಅವರು ಹತ್ತಲಿಲ್ಲ ಎಂದು ಬರೆದರೆ ಯಾಕೆ ಹತ್ತಲಿಲ್ಲ ಅಂತ ಕೇಳುತ್ತಾರೆ. ಕೊನೆಗೆ ಮ್ಯಾನೇಜರೇ ದಾರಿ ತೋರಿಸಿದ. ಬಸ್ಸು ನಿಲ್ಲಿಸಲಾಯಿತು. ಸ್ಟಾಪಿನಲ್ಲಿ ಯಾರೂ ಇರಲಿಲ್ಲ.

ಸಣ್ಣ ವಾಕ್ಯ. ಯಾರ ಮೇಲೂ ತಪ್ಪು ಹೊರಿಸುವುದಿಲ್ಲ. ಇಂಥ ತಾರೀಖಿನಲ್ಲಿ ಎಂದು ಪ್ರತಿಯೊಂದರ ಎದುರೂ ಬರೆದು ಸಹಿ ಹಾಕಿದೆ. ಕನ್ನಡಕದವಳು ಹೊರಗೆ ನಿಂತಿದ್ದಳು. ಅವಳ ಹತ್ತಿರವೂ ಇಂಥದ್ದೇ ಒಂದನ್ನು ಕೇಳಿದರಂತೆ, ಕೊಡಲಿಲ್ಲವಂತೆ. ಹುಚ್ಚು ಹಠ. ಮಗುವಿಗೆ ಹಠವನ್ನು ಕುಡಿಸುತ್ತಾಳೆಯೇ?

ಹೊರಡುವಾಗ ಮ್ಯಾನೇಜರ್ ಮೇಜಿನ ಖಾನೆಯಿಂದ ಇನ್ನೊಂದು ಕೀಲಿ ತೆಗೆದುಕೊಟ್ಟ. ಆಫೀಸರುಗಳ ಕಕ್ಕಸಿನದು. ಇನ್ನು ಮೇಲೆ ನಿನ್ನ ಹತ್ತಿರವೇ ಇರಲಿ ಅಂದ. ಒಳಗೆ ಕನ್ನಡಿಯೂ ಇದೆ, ಸೋಪೂ ಇದೆ. ಎಷ್ಟೋ ತಿಂಗಳ ಮೇಲೆ ನೆಮ್ಮದಿಯಾಗಿ ಎರಡು ಲೋಟ ನೀರು ಕುಡಿದೆ.

ಸೆಪ್ಟೆಂಬರ್ ೬, ಶುಕ್ರವಾರ

ದೂರು ವಜಾ ಆಗಿದೆ. ವಜಾ ಆದ ಕಾಗದವನ್ನು ಕೇಂದ್ರದ ಗೋಡೆಗೇ ಅಂಟಿಸಿದ್ದಾರೆ, ಕೆಳಗೆ ನನ್ನ ಹೇಳಿಕೆ. ಅದನ್ನು ಅಲ್ಲಿ ಅಂಟಿಸುತ್ತಾರೆ ಎಂದು ನನಗೆ ಯಾರೂ ಹೇಳಿರಲಿಲ್ಲ.

ಸಂಜೆ ತಂಗಿಯ ಗಂಡ ಬಂದ. ತಂಗಿಯೂ ಇದ್ದಳು, ಒಳಗೆ ಬರಲಿಲ್ಲ, ಬಾಗಿಲಲ್ಲೇ ನಿಂತಳು. ಅವನು ಕುರ್ಚಿಯ ತುದಿಯಲ್ಲಿ ಕೂತು ಬಹಳ ಮರ್ಯಾದೆಯಿಂದ ಮಾತಾಡಿದ. ಅವನು ಕೂಗಾಡಿದ್ದರೆ ನನಗೂ ಸುಲಭವಾಗುತ್ತಿತ್ತು.

"ಅತ್ತಿಗೆ, ನೀವು ಸುಳ್ಳು ಬರೆಯೋರಲ್ಲ. ಬಸ್ಸು ನಿಂತಿತ್ತು, ಸ್ಟಾಪಲ್ಲಿ ಯಾರೂ ಇರ್ಲಿಲ್ಲ ಅಂತ ಬರೆದಿದ್ದೀರಿ. ಆ ಮಳೆ ದಿನ ಇವಳು ಬಂದಿದ್ದು ಕತ್ತಲಾದ ಮೇಲೆ. ಹಾಗಾದ್ರೆ ಅಷ್ಟು ಹೊತ್ತು ಇವಳು ಎಲ್ಲಿದ್ಲು? ಅದನ್ನಷ್ಟು ಹೇಳಿ."

ಜೊತೆಯವರು ಸಾಕ್ಷಿ ಹೇಳಿದ್ದರಲ್ಲ ಅಂದೆ. ಅವರೂ ಇವಳ ಥರದವರೇ ಎಂದು ಈಗ ಗೊತ್ತಾಯಿತು ಅಂದ.

ಫ್ಯಾನು ತಿರುಗುತ್ತಿತ್ತು. ತಂಗಿ ನನ್ನನ್ನು ನೋಡುತ್ತಿರಲಿಲ್ಲ, ಫ್ಯಾನನ್ನು ನೋಡುತ್ತಿದ್ದಳು. ಒಂದು ಮಾತು ಬಾಯಿಗೆ ಬಂದಿತ್ತು. ಅದನ್ನು ಹೇಳಿದರೆ ಅವನು ಎದ್ದು ನೇರ ಡಿಪೋಗೆ ಹೋಗುವ ಜಾತಿ. ನನ್ನ ಖಾಯಂ ಆರ್ಡರು ಮುಂದಿನ ವಾರ. ಅದು ಕೈಗೆ ಬರಲಿ, ಆಮೇಲೆ ಇವಳಿಗೆ ಬೇಕಾದ್ದು ಮಾಡಬಹುದು. ನಾನು ನಿಂತರೆ ತಾನೇ ಇನ್ನೊಬ್ಬರನ್ನು ನಿಲ್ಲಿಸುವುದು.

"ಡ್ಯೂಟಿಯಲ್ಲಿ ಕಂಡಿದ್ದನ್ನ ಬರೆದಿದೀನಿ," ಅಂದೆ.

ಅವನು ತಲೆ ಆಡಿಸಿ ಎದ್ದ. ತಂಗಿ ಅವನಿಗಿಂತ ಮೊದಲೇ ಮೆಟ್ಟಿಲಿಳಿದಳು.

ಹೊಡೆಯಬೇಡಿ ಎಂದು ಹೇಳಿಯೇ ಕಳಿಸಿದೆ. ಅಷ್ಟಾದರೂ ಹೇಳಿದೆ.

ಸೆಪ್ಟೆಂಬರ್ ೧೧, ಬುಧವಾರ

ಖಾಯಂ ಆದೆ. ಮ್ಯಾನೇಜರ್ ಎಲ್ಲರೆದುರು ಕೈಕುಲುಕಿದ. ಹೆಂಗಸರಿಗೆ ಅವಕಾಶ ಕೊಟ್ಟರೆ ಹೇಗೆ ಬೆಳೆಯುತ್ತಾರೆ ನೋಡಿ ಎಂದು ಭಾಷಣ ಮಾಡಿದ. ಪೇಪರಿನವರು ಬಂದು, ಬೆಲ್ಲಿನ ಹಗ್ಗ ಹಿಡಿದು ನಿಲ್ಲಿಸಿ ಫೋಟೋ ತೆಗೆದರು. ಹೆಣ್ಣುಮಕ್ಕಳಿಗೆ ಏನು ಹೇಳುತ್ತೀರಿ ಎಂದು ಕೇಳಿದರು. ಧೈರ್ಯವಾಗಿ ಮನೆಯಿಂದ ಹೊರಗೆ ಬನ್ನಿ ಅಂದೆ. ಚೆನ್ನಾಗಿ ಹೇಳಿದಿರಿ ಅಂದರು.

ಹೊಸದಾಗಿ ಸೇರಿದ ಹುಡುಗಿಯೊಬ್ಬಳು ಕಕ್ಕಸಿನ ಕೀಲಿ ಕೇಳಿದಳು. ಕೊಡಲಿಲ್ಲ. ಒಬ್ಬರಿಗೆ ಅಂತ ಶುರುವಾಗುತ್ತದೆ, ಎಲ್ಲರಿಗೂ ಕೊಟ್ಟರೆ ಗಲೀಜು ಮಾಡುತ್ತಾರೆ.

ಸೆಪ್ಟೆಂಬರ್ ೧೭, ಮಂಗಳವಾರ

ತಂಗಿ ಬಸ್ಸಿನಲ್ಲಿ ಕಾಣಿಸುತ್ತಿಲ್ಲ. ಕೇಂದ್ರದಲ್ಲಿ ಅವಳ ಹೆಸರು ಹೊಡೆದುಹಾಕಿದ್ದಾರೆ ಎಂದು ಜೊತೆಯವಳೊಬ್ಬಳು ಟಿಕೆಟ್ಟು ತಗೊಳ್ಳುತ್ತಾ ಹೇಳಿದಳು. ತರಬೇತಿ ಮುಗಿಯಲು ಹದಿನೈದು ದಿನ ಇತ್ತು ಅಷ್ಟೇ ಅಂದಳು. ನನ್ನನ್ನು ಕೇಳಲಿ ಎಂದು ಹೇಳಿದಳೋ, ಸುಮ್ಮನೆ ಹೇಳಿದಳೋ.

ಸೊಪ್ಪಿನ ಅಜ್ಜಿ ಇವತ್ತು ದೂರ ನಿಲ್ಲಿಸಿದ ಬಸ್ಸಿಗೆ ಓಡಿ ಬಂದು ಹತ್ತಿದಳು. ಬುಟ್ಟಿ ಜಾರಿ ಸೊಪ್ಪೆಲ್ಲ ಮೆಟ್ಟಿಲ ಮೇಲೆ ಚೆಲ್ಲಿತು. ಬೇಗ ಬೇಗ ಅಂದೆ. ಅವಳು ಒಂದೊಂದೇ ಕಟ್ಟು ಹೆಕ್ಕುತ್ತಾ, "ನಿನಗೂ ನಾನು ಸೊನ್ನೆನೇ ಆಗ್ಬಿಟ್ನಾ ಮಗಳೇ," ಅಂದಳು. ವಯಸ್ಸಾದವರ ಮಾತಿಗೆ ಏನು ಬೇಸರ ಮಾಡಿಕೊಳ್ಳುವುದು.

ಸೆಪ್ಟೆಂಬರ್ ೨೪, ಮಂಗಳವಾರ

ಕೋಣೆಯ ಫ್ಯಾನು ಕಿರ್ ಎಂದು ಸದ್ದು ಮಾಡುತ್ತಿದೆ. ರಿಪೇರಿಯವನು ಯಾರಾದರೂ ಸಿಕ್ಕರೆ ತೋರಿಸಬೇಕು.

ಸಂಜೆ ಟ್ರಿಪ್ಪಿನಲ್ಲಿ ಕೇಂದ್ರದ ಸ್ಟಾಪಿನ ಹತ್ತಿರ ಬಂದಾಗ ದೂರದಿಂದಲೇ ಗುರುತು ಸಿಕ್ಕಿತು. ತಂಗಿ. ಒಬ್ಬಳೇ ನಿಂತಿದ್ದಳು. ಕೇಂದ್ರದಲ್ಲಿ ಬಿಟ್ಟುಹೋಗಿದ್ದ ತನ್ನ ಸಾಮಾನು ತಗೊಳ್ಳಲು ಬಂದಿರಬೇಕು, ಕೈಯಲ್ಲಿ ನೀಲಿ ಚೀಲ, ಅದರ ಬಾಯಲ್ಲಿ ತಾಮ್ರದ ತಂತಿಯ ಸುರುಳಿಯೊಂದು ಇಣುಕುತ್ತಿತ್ತು. ಬೆರಳಿನ ಗೀರುಗಳು ಮಾಯ್ದಿದ್ದವು.

ನಾನು ಸಿಂಗಲ್ ಬೆಲ್ ಕೊಟ್ಟೆ. ಕೊಕ್ಕರೆ ಕನ್ನಡಿಯಲ್ಲಿ ಕತ್ತು ಚಾಚಿ, ಒಂದು ಸೊನ್ನೆಗಾ ಎಂದು ಕೇಳಿದ. ನಿಲ್ಸಿ ಅಂದೆ. ಖಾಯಂ ಆದವಳ ಮಾತು, ನಿಲ್ಲಿಸಿದ. ಸರಿಯಾಗಿ ಅವಳ ಮುಂದೆಯೇ ಬಾಗಿಲು ಬಂತು. ಒಂದು ಹೆಜ್ಜೆಯನ್ನೂ ಓಡಬೇಕಿರಲಿಲ್ಲ. ಬಾ ಎಂದು ಕೈ ಚಾಚಿದೆ.

ಅವಳು ನನ್ನ ಕೈ ನೋಡಿದಳು, ನನ್ನ ಚರ್ಮದ ಚೀಲ ನೋಡಿದಳು, ಹಗ್ಗ ನೋಡಿದಳು. ಹುಟ್ಟಿದಾಗಿನಿಂದ ನನ್ನನ್ನು ಅಕ್ಕ ಎಂದಲ್ಲದೆ ಬೇರೆ ಹೆಸರಿನಿಂದ ಕರೆದವಳಲ್ಲ, ನೀನು ಎಂದಲ್ಲದೆ ಬೇರೆ ಮಾತಾಡಿದವಳಲ್ಲ.

"ಹೋಗಿ ಕಂಡಕ್ಟ್ರೇ," ಅಂದಳು. "ಸ್ಟಾಪಲ್ಲಿ ಯಾರೂ ಇಲ್ಲ."

ಚೀಲ ಹೆಗಲಿಗೇರಿಸಿ ನಡೆಯತೊಡಗಿದಳು, ಬಸ್ಸು ಹೋಗುವ ದಿಕ್ಕಿಗೇ. ಬೀದಿ ದೀಪ ಒಂದೊಂದಾಗಿ ಹತ್ತುತ್ತಿತ್ತು. ಸ್ವಲ್ಪ ಹೊತ್ತು ಕಾದೆವು. ಜನ ಗೊಣಗಿದರು. ಡಬಲ್ ಬೆಲ್ ಕೊಟ್ಟೆ.

ಇವತ್ತು ನಾವು ನಿಲ್ಲಿಸಿದ್ದೆವು. ಬಸ್ಸಿನ ತುಂಬ ಸಾಕ್ಷಿಗಳಿದ್ದಾರೆ.